ಜೆಡಿಕೆ ಜೊತೆಗೇ ಬರುವ ಜಾವಾಪಿ: ನನ್ನ ಕಡೆಯಿಂದ ನಾಲ್ಕು ಸ್ಟಾರ್

ಡಿಪ್ಲೊಮಾ ಹುಡುಗರಿಗೆ ಜಾವಾ ಲ್ಯಾಬ್ ಮಾಡಿಸುವವನು ನಾನು. ಪಾಠಕ್ಕೆ ಅತಿ ಹೆಚ್ಚು ಒದಗಿದ ಟೂಲ್ ಯಾವುದು ಅಂದರೆ ಜಾವಾಪಿ ಅಂತೀನಿ. ಕಾಸು ಕೊಡಬೇಕಿಲ್ಲ, ಬೇರೆ ಇನ್‌ಸ್ಟಾಲ್ ಬೇಡ. ಜೆಡಿಕೆ ಅಂದರೆ ಜಾವಾ ಪ್ರೋಗ್ರಾಂ ಬರೆಯಲು ಬೇಕಾದ ಟೂಲ್‌ಗಳ ಕಟ್ಟು. ಅದರ ಬಿನ್ ಫೋಲ್ಡರಿನಲ್ಲಿ ಕಂಪೈಲರ್ ಆದ ಜಾವಾಸಿ ಪಕ್ಕದಲ್ಲೇ ಇರುತ್ತದೆ. ಕಂಪೈಲ್ ಆದ ಕ್ಲಾಸ್ ಫೈಲ್ ಕೊಟ್ಟರೆ ಒಳಗೆ ಏನೇನಿದೆ ಅಂತ ಬಿಚ್ಚಿ ತೋರಿಸುತ್ತದೆ.

ಅನಾನಿಮಸ್ ಕ್ಲಾಸಿನ (ಹೆಸರಿಡದೆ, ಬೇಕಾದ ಜಾಗದಲ್ಲೇ ಬರೆಯುವ ಕ್ಲಾಸು) ಪಾಠಕ್ಕಂತೂ ಇದು ಬೇಕೇ ಬೇಕು. ಸ್ವಿಂಗ್‌ನಲ್ಲಿ (ವಿಂಡೋ, ಬಟನ್ ಮಾಡುವ ಜಾವಾ ಲೈಬ್ರರಿ) ಚಿಕ್ಕದೊಂದು ಪ್ರೋಗ್ರಾಂ ಕೊಡುತ್ತೇನೆ: ಬಿಲ್ ಅನ್ನುವ ಕ್ಲಾಸು, ಅದರಲ್ಲಿ ಟೋಟಲ್ ಅನ್ನುವ ಪ್ರೈವೇಟ್ ಫೀಲ್ಡ್ (ಹೊರಗಿನವರಿಗೆ ಸಿಗದ ವೇರಿಯಬಲ್). ಬಟನ್ ಒತ್ತಿದಾಗ ಓಡುವ ಆಕ್ಷನ್ ಲಿಸನರ್ ಅನಾನಿಮಸ್ ಕ್ಲಾಸು, ಅದಕ್ಕೆ ಹೆಸರೇ ಇಲ್ಲ, ಆದರೂ ಟೋಟಲನ್ನು ಸಲೀಸಾಗಿ ಏರಿಸುತ್ತದೆ. "ಸರ್, ಅದು ಪ್ರೈವೇಟ್ ಅಲ್ವಾ, ಇದಕ್ಕೆ ಹೇಗೆ ಸಿಕ್ತು?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೋರ್ಡಿನ ಮೇಲೆ ವಿವರಿಸಿದರೆ ಸುಮ್ನೆ ತಲೆ ಆಡಿಸುತ್ತಾರೆ. ಆ ಹೆಸರಿಲ್ಲದ ಕ್ಲಾಸಿಗೆ ಕಂಪೈಲರ್ ಇಡುವ ಹೆಸರು ಬಿಲ್$1. ಅದರ ಮೇಲೆ ಜಾವಾಪಿ ಓಡಿಸಿದರೆ ಕಣ್ಣಿಗೇ ಕಾಣುತ್ತದೆ: ದಿಸ್$0 ಅಂತ ಒಂದು ಫೀಲ್ಡ್, ಟೈಪ್ ಬಿಲ್. ನಾವು ಬರೆದದ್ದಲ್ಲ, ಕಂಪೈಲರ್ ಸೇರಿಸಿದ್ದು. ಹೊರಗಿನ ಆಬ್ಜೆಕ್ಟನ್ನು ಹಿಡಿದುಕೊಂಡಿರುವುದು ಅದೇ. ಒಳಗೂ ಟೋಟಲ್ ಅನ್ನುವ ಹೆಸರಿದ್ದಾಗ ಬಿಲ್.ದಿಸ್.ಟೋಟಲ್ ಅಂತ ಬರೆಯುತ್ತೇವಲ್ಲ, ಅದೂ ಹೋಗುವುದು ಇದರ ಮೂಲಕವೇ.

ಲಿಸನರ್ ಒಳಗೆ, ಅದನ್ನು ಬರೆದ ಮೆಥಡ್ಡಿನ ಲೋಕಲ್ ವೇರಿಯಬಲ್ ರೇಟ್ ಬಳಸಿದರೆ ವ್ಯಾಲ್$ರೇಟ್ ಅಂತ ಇನ್ನೊಂದು ಫೀಲ್ಡ್ ಬರುತ್ತದೆ. ಅದು ಬರೀ ನಕಲು. ಅಸಲಿ ಬದಲಾದರೆ ನಕಲಿಗೆ ಗೊತ್ತಾಗುವುದಿಲ್ಲ, ಅದಕ್ಕೇ ಕಂಪೈಲರ್ ಬದಲಿಸಲು ಬಿಡುವುದಿಲ್ಲ. ಅಂಥ ವೇರಿಯಬಲ್ಲಿಗೆ ಫೈನಲ್ (ಬದಲಿಸಲಾಗದ್ದು) ಅಂತ ಬರೆಯಲೇಬೇಕು ಅನ್ನುವ ಕಟ್ಟುಪಾಡು 2014ರ ಜಾವಾ 8ರಲ್ಲಿ ಹೋಯಿತು, ಬದಲಿಸಬಾರದು ಅನ್ನುವುದು ಉಳಿಯಿತು. (ಡೆಮೊದಲ್ಲಿ ಫೈನಲ್ ಇಂಟ್ ರೇಟ್ = 5 ಅಂತ ಮಾತ್ರ ಬರೆಯಬೇಡಿ. ಆಗ 5 ನೇರವಾಗಿ ಕೋಡಿಗೇ ಸೇರಿ, ತೋರಿಸಬೇಕಾದ ಫೀಲ್ಡೇ ಇರುವುದಿಲ್ಲ.)

ಇನ್ನು ಒಂದು ಸ್ಟಾರ್ ಕಡಿಮೆ ಯಾಕೆ? ಇದ್ದದ್ದನ್ನು ತೋರಿಸುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಪಕ್ಕದಲ್ಲಿ ಗೊತ್ತಿರುವವರು ಇರಬೇಕು. ಲಿನಕ್ಸ್‌ನಲ್ಲಿ ಫೈಲಿನ ಹೆಸರನ್ನು ಸಿಂಗಲ್ ಕೋಟ್ ಒಳಗೆ ಹಾಕದಿದ್ದರೆ $1 ಅನ್ನು ಶೆಲ್ (ನಾವು ಟೈಪ್ ಮಾಡಿದ ಕಮಾಂಡ್ ಓದುವ ಪ್ರೋಗ್ರಾಂ) ನುಂಗಿಬಿಡುತ್ತದೆ. ಎರರ್ ಬರುವುದಿಲ್ಲ, ಬಿಲ್ ಕ್ಲಾಸೇ ತೆರೆದುಕೊಳ್ಳುತ್ತದೆ. ಹುಡುಗರು ಅದನ್ನೇ ನೋಡುತ್ತಾ ದಿಸ್$0 ಹುಡುಕುತ್ತಾರೆ.

ವರ್ಷನ್ ಗಲಾಟೆ ಬೇರೆ. ಅದು ಜಾವಾಪಿಯ ತಪ್ಪಲ್ಲ, ಕಂಪೈಲರ್ ಬದಲಾಗಿದೆ ಅಷ್ಟೇ. ಜಾವಾ 8ರಲ್ಲಿ ಕಂಪೈಲ್ ಮಾಡಿದರೆ ಬಿಲ್ ಕ್ಲಾಸಿನಲ್ಲಿ ಆಕ್ಸೆಸ್$ ಅಂತ ಶುರುವಾಗುವ ಗುಟ್ಟಿನ ಮೆಥಡ್ ಕಾಣುತ್ತದೆ, ಪ್ರೈವೇಟ್ ಟೋಟಲ್ ಸಿಗುತ್ತಿದ್ದದ್ದು ಅದರಿಂದ. ಜಾವಾ 11ರಿಂದ ಅದು ಬೇಕಿಲ್ಲ, ಬಿಲ್, ಬಿಲ್$1 ಥರ ಒಂದೇ ಗುಂಪಿನ ಕ್ಲಾಸುಗಳಿಗೆ ಜೆವಿಎಂ (ಜಾವಾ ಕೋಡನ್ನು ಓಡಿಸುವ ಪ್ರೋಗ್ರಾಂ) ನೇರವಾಗಿ ಬಿಡುತ್ತದೆ. ಜಾವಾ 18ರಿಂದ ಇನ್ನೊಂದು: ಹೊರಗಿನದ್ದೇನನ್ನೂ ಮುಟ್ಟದಿದ್ದರೆ ದಿಸ್$0 ಕೂಡ ಸಾಮಾನ್ಯವಾಗಿ ಇರುವುದಿಲ್ಲ. ಲ್ಯಾಬಿನ ಎಲ್ಲ ಮೆಷಿನ್ನಿನಲ್ಲೂ ಒಂದೇ ಜೆಡಿಕೆ ಇರಲಿ.

ಲಿಸನರಿಗೆ ಲ್ಯಾಂಬ್ಡಾ (ಕ್ಲಾಸ್ ಬರೆಯದೆ ಕೋಡನ್ನಷ್ಟೇ ಕೊಡುವ ಚಿಕ್ಕ ರೂಪ) ಬರೆಯುವವರು -ಪಿ (ಪ್ರೈವೇಟ್ ಆದದ್ದನ್ನೂ ತೋರಿಸು ಅನ್ನುವ ಆಪ್ಷನ್) ಸೇರಿಸಿ ಬಿಲ್ ಮೇಲೆ ಜಾವಾಪಿ ಓಡಿಸಿ. ಅಲ್ಲಿ $1 ಫೈಲೇ ಹುಟ್ಟುವುದಿಲ್ಲ. ಲ್ಯಾಂಬ್ಡಾದ ಕೋಡು ಬಿಲ್ ಒಳಗೇ ಪ್ರೈವೇಟ್ ಮೆಥಡ್ ಆಗಿ ಸೇರಿರುತ್ತದೆ, ಹಾಗಾಗಿ ಅಲ್ಲಿ ದಿಸ್ ಅಂದರೆ ಬಿಲ್ಲೇ.