ವಿಜಯಪುರವನ್ನು ಮೇಲಿಂದ ನೋಡಲು: ಹೆಲಿಕಾಪ್ಟರ್ರೋ, ಗೋಳಗುಮ್ಮಟದ ಮೆಟ್ಟಿಲೋ?

ಊರಿಗೆ ಹೆಲಿಕಾಪ್ಟರ್ ಸುತ್ತಾಟ ಬಂತೆಂದರೆ ಮನೆಯವರೆಲ್ಲ ಕೇಳುವುದು ಒಂದೇ: ಅಷ್ಟು ದುಡ್ಡು ಕೊಟ್ಟು ಹತ್ತಬೇಕಾ?

ಊರಿನ ಆಕಾರ ನೋಡಬೇಕೆಂದರೆ ಹತ್ತಿ. ಹಳೆಯ ಕೋಟೆ ಗೋಡೆ ಊರನ್ನು ಹೇಗೆ ಬಳಸಿದೆ, ಛಾವಣಿಯಿಲ್ಲದ, ಅರ್ಧಕ್ಕೆ ನಿಂತ ಸಮಾಧಿ ಬಾರಾ ಕಮಾನ್ ಎಷ್ಟು ಅಗಲಕ್ಕೆ ಹರಡಿದೆ, ಗೋಡೆಯ ಆಚೆ ಪಶ್ಚಿಮಕ್ಕೆ ಇಬ್ರಾಹಿಂ ರೋಜಾ ಎಂಬ ಸಮಾಧಿ ಎಲ್ಲಿದೆ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ನೆಲದ ಮೇಲೆ ಇದು ಸಾಧ್ಯವೇ ಇಲ್ಲ. ಆದರೆ ಹಾರಾಟ ಕೆಲವೇ ನಿಮಿಷ. ತೂಕ ನೋಡಿ ಸೀಟು ಕೊಡುತ್ತಾರೆ, ಕಿಟಕಿ ಸಿಗದೆಯೂ ಇರಬಹುದು. ಸದ್ದು ಜಾಸ್ತಿ, ಪುಟ್ಟ ಮಕ್ಕಳು ಹೆದರಬಹುದು. ಗಾಳಿ, ಮಂಜು ಇದ್ದರೆ ಹಾರಾಟವೇ ನಿಲ್ಲುತ್ತದೆ. ಹಣ ವಾಪಸ್ ಕೊಡುತ್ತಾರಾ ಅಂತ ಮೊದಲೇ ಕೇಳಿ.

ಗೋಳಗುಮ್ಮಟದ ಲೆಕ್ಕವೇ ಬೇರೆ. 1656ರ ಕಟ್ಟಡ, ಗುಮ್ಮಟದ ಅಗಲ ಹೊರಗಿನಿಂದ ಸುಮಾರು 44 ಮೀಟರ್. ಮೂಲೆಯ ಏಳಂತಸ್ತಿನ ಗೋಪುರದೊಳಗೆ ಕಡಿದಾದ, ಇಕ್ಕಟ್ಟಾದ ಮೆಟ್ಟಿಲು. ಮೊಣಕಾಲು ನೋವಿನವರಿಗೆ ಬೇಡ. ಹತ್ತಿದರೆ ಗುಮ್ಮಟದ ಸುತ್ತ ನಿಂತು ಬೇಕಾದಷ್ಟು ಹೊತ್ತು ಊರು ನೋಡಬಹುದು. ಒಳಗೆ ಪಿಸುಮಾತಿನ ಗ್ಯಾಲರಿಯೂ ಇದೆ, ಇಲ್ಲಿ ಪಿಸುಗುಟ್ಟಿದ್ದು ಆಚೆ ಬದಿಗೂ ಕೇಳುತ್ತದೆ. ಅದು ಹೆಲಿಕಾಪ್ಟರ್ ಕೊಡಲಾರದ್ದು, ಅಲ್ವಾ? ಬೆಳಿಗ್ಗೆ ಬೇಗ ಹೋದರೆ ಗದ್ದಲ ಕಡಿಮೆ.

ಅಷ್ಟು ಹತ್ತಲಾಗದವರಿಗೆ ಉಪ್ಪಲಿ ಬುರುಜು ಎಂಬ ಹಳೆಯ ಕಾವಲು ಗೋಪುರ ಇದೆ. ಸುಮಾರು 24 ಮೀಟರ್ ಎತ್ತರ, ಮೆಟ್ಟಿಲು ಹೊರಗಿನಿಂದ ಸುತ್ತಿಕೊಂಡಿದೆ.

ಮೊದಲ ಬಾರಿ ಬಂದವರಿಗೆ ನಾನು ಗುಮ್ಮಟವನ್ನೇ ಹೇಳುತ್ತೇನೆ. ಇಲ್ಲಿಯೇ ಹುಟ್ಟಿ ಬೆಳೆದವರು ಒಮ್ಮೆ ಹೆಲಿಕಾಪ್ಟರ್ ಹತ್ತಲಿ. ಯಾವುದು ಎಲ್ಲಿದೆ ಎಂದು ಗೊತ್ತಿದ್ದವರಿಗೇ ಆ ಕೆಲವು ನಿಮಿಷ ಸಾಲುತ್ತದೆ.