ರಾತ್ರಿಯಿಡೀ ಆಟದ ರೆಕಾರ್ಡಿಂಗ್: ವೇವ್ ಬಿಟ್ಟು ಯಾವುದಕ್ಕೆ ಹೋಗಬೇಕು?

ತುಮಕೂರು ಸುತ್ತಮುತ್ತಲ ಹಳ್ಳಿಗಳಲ್ಲಿ ಮೂಡಲಪಾಯ (ಯಕ್ಷಗಾನದ ಒಂದು ಬಗೆ) ಆಟ ಶುರುವಾಗುವುದೇ ರಾತ್ರಿ ಊಟ ಮುಗಿದ ಮೇಲೆ. ಮಂಗಳ ಹಾಡುವ ಹೊತ್ತಿಗೆ ಬೆಳಕು ಹರಿದಿರುತ್ತದೆ. ಈ ಆಟಗಳನ್ನು ನಾನು 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೊ ವೇವ್‌ನಲ್ಲಿ, ಅಂದರೆ ದನಿಯನ್ನು ಕುಗ್ಗಿಸದೆ ಹಾಗೇ ಇಡುವ ಫೈಲಿನಲ್ಲಿ, ರೆಕಾರ್ಡ್ ಮಾಡುತ್ತೇನೆ. ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ವೇವ್ ಫೈಲು ತನ್ನ ಗಾತ್ರವನ್ನು 32 ಬಿಟ್‌ನಲ್ಲಿ ಬರೆದುಕೊಳ್ಳುವುದರಿಂದ 4 ಜಿಬಿ ದಾಟುವಂತಿಲ್ಲ. ಅಂದರೆ ನಾಲ್ಕು ಗಂಟೆ ಚಿಲ್ಲರೆ. ಆಮೇಲೆ ರೆಕಾರ್ಡರ್ ಹೊಸ ಫೈಲು ತೆಗೆಯುತ್ತದೆ, ಭಾಗವತರು ಪದದ ನಡುವೆ ಇದ್ದರೂ ಸರಿಯೇ.

ಹೆಸರುಗಳ ತೊಂದರೆ ಇದಕ್ಕಿಂತ ದೊಡ್ಡದು. ವೇವ್ ಒಳಗೆ ಪ್ರಸಂಗದ ಹೆಸರು, ಮುಖವೀಣೆ ನುಡಿಸಿದವರ ಹೆಸರು ಕನ್ನಡದಲ್ಲಿ ಬರೆದರೆ ಒಂದು ಪ್ಲೇಯರ್‌ನಲ್ಲಿ ಸರಿ ಕಾಣುತ್ತದೆ, ಇನ್ನೊಂದರಲ್ಲಿ ಬರೀ ಪ್ರಶ್ನೆ ಚಿಹ್ನೆಗಳು. ಹೆಸರು ಕಳೆದುಹೋದರೆ ಮುಂದೆ ಯಾರ ದನಿ ಅಂತ ಹೇಳುವವರೇ ಇರುವುದಿಲ್ಲ. ಅದಕ್ಕೇ ಒಂದೇ ಆಟದ ತುಂಡುಗಳನ್ನು ಎಫ್‌ಎಫ್‌ಎಂಪೆಗ್ ಅನ್ನುವ, ದನಿ-ವಿಡಿಯೊ ರೂಪ ಬದಲಿಸುವ ತಂತ್ರಾಂಶದಲ್ಲಿ ಜೋಡಿಸಿ, ಬೇರೆ ಬೇರೆ ರೂಪದಲ್ಲಿ ಇಟ್ಟು ನೋಡಿದೆ.

ಆರ್‌ಎಫ್64 ಅನ್ನುವುದು ವೇವ್‌ನ ಅಣ್ಣ. 4 ಜಿಬಿ ಮಿತಿ ಇಲ್ಲ, ಅಷ್ಟೆ. ಜಾಗ ಉಳಿಯಲಿಲ್ಲ, ಹೆಸರಿನ ಗೋಳೂ ತಪ್ಪಲಿಲ್ಲ.

ಎಂ4ಎ ಫೈಲಿನೊಳಗೆ ಆಪಲ್‌ನ ಎಎಲ್‌ಎಸಿ ಅನ್ನುವ ದನಿ ಕುಗ್ಗಿಸುವ ವಿಧಾನ ಹಾಕಿದೆ. ಗುಣಮಟ್ಟ ಒಂದಿಷ್ಟೂ ಕೆಡುವುದಿಲ್ಲ, ಐಫೋನ್ ಇರುವವರಿಗೆ ಒಳ್ಳೆಯದು. ಆದರೆ ಮೇಳದವರ ಆಂಡ್ರಾಯ್ಡ್ ಫೋನ್‌ಗಳಲ್ಲಿ ಕೆಲವು ತೆರೆದವು, ಕೆಲವು ತೆರೆಯಲಿಲ್ಲ. ಇನ್ನೊಂದು ವಿಷಯ: ಈ ಫೈಲಿನಲ್ಲಿ ಯಾವ ದನಿ ಎಲ್ಲಿದೆ ಅನ್ನುವ ಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲಾಗುತ್ತದೆ. ಪರಿವರ್ತನೆ ನಡೆಯುವಾಗ ಕರೆಂಟ್ ಹೋಗಿ ಕಂಪ್ಯೂಟರ್ ಆರಿದರೆ ಅರ್ಧ ಫೈಲು ಸುಮ್ನೆ ದಂಡ.

ದನಿ ಕೆಡಿಸದೆ ಗಾತ್ರ ಕುಗ್ಗಿಸುವ ಫ್ಲ್ಯಾಕ್ ನನಗೆ ತುಂಬ ಹಿಡಿಸಿತು. 2001ರಿಂದ ಬಳಕೆಯಲ್ಲಿದೆ, ಉಚಿತ, 2024ರಲ್ಲಿ ಅಂತರ್ಜಾಲ ಮಾನಕವಾಗಿಯೂ ಪ್ರಕಟವಾಗಿದೆ. 7 ಜಿಬಿ ಆಟ 4 ಜಿಬಿ ಆಸುಪಾಸಿಗೆ ಇಳಿಯಿತು. ಮದ್ದಳೆಯ ಪೆಟ್ಟು, ತಾಳದ ಝಣ, ಎಲ್ಲ ಹಾಗೇ ಇದೆ. ಫೈಲಿನೊಳಗೆ ಹೆಸರು ಬರೆಯುವ ಟ್ಯಾಗ್‌ಗಳು ಯೂನಿಕೋಡ್‌ನಲ್ಲೇ ಇರಬೇಕೆಂಬ ನಿಯಮ ಇರುವುದರಿಂದ ಕನ್ನಡ ಚೆನ್ನಾಗಿ ನಿಲ್ಲುತ್ತದೆ. ಫೋನಿನಲ್ಲೂ ಬೇರೆ ಆಪ್ ಇಲ್ಲದೆ ತೆರೆಯಿತು. ಆದರೆ ಏಳು ಗಂಟೆಯ ಆಟದಲ್ಲಿ ಯುದ್ಧದ ಪದ ಎಲ್ಲಿ ಬರುತ್ತದೆ ಅಂತ ಹುಡುಕುವುದು ಕಷ್ಟ. ಅಧ್ಯಾಯಗಳ ಸೌಕರ್ಯ ಇದರಲ್ಲಿ ಬಲವಾಗಿಲ್ಲ. 32 ಬಿಟ್ ಫ್ಲೋಟ್‌ನಲ್ಲಿ (ದನಿಯನ್ನು ದಶಮಾಂಶ ಸಂಖ್ಯೆಗಳಾಗಿ ಬರೆಯುವ ಬಗೆ) ರೆಕಾರ್ಡ್ ಮಾಡುವವರಿಗಂತೂ ಇದು ಆಗುವುದಿಲ್ಲ.

ಕೊನೆಗೆ ಮಾಟ್ರೋಸ್ಕಾ, ಆಡಿಯೊಗೆ ಎಂಕೆಎ. ಇದು ಬರೀ ಪಾತ್ರೆ, ಒಳಗೆ ವೇವ್‌ನ ಕಚ್ಚಾ ದನಿಯನ್ನೂ ಹಾಕಬಹುದು, ಫ್ಲ್ಯಾಕ್ ಅನ್ನೂ ಹಾಕಬಹುದು. ಕಚ್ಚಾ ದನಿ ಹಾಕಿದರೆ ಬೇಗ ಮುಗಿಯುತ್ತದೆ, ಆದರೆ ಗಾತ್ರ ಅಷ್ಟೇ ಉಳಿಯುತ್ತದೆ. ನಾನು ಫ್ಲ್ಯಾಕ್ ಹಾಕಿದೆ. ಗಣಪತಿ ಸ್ತುತಿ, ಸಾರಥಿಯ ಮಾತು, ಯುದ್ಧದ ಪದ, ಮಂಗಳ ಅಂತ ಕನ್ನಡದಲ್ಲೇ ಅಧ್ಯಾಯ ಕೊಟ್ಟೆ. ಭಾಗವತರು ಬರೆದುಕೊಟ್ಟ ಪದಗಳ ಹಾಳೆಯ ಫೋಟೊ, ವೇಷಧಾರಿಗಳ ಪಟ್ಟಿ ಕೂಡ ಅದೇ ಫೈಲಿನೊಳಗೆ ಕೂತವು. ಈ ಅನುಕೂಲ ಬೇರೆ ಯಾವುದರಲ್ಲೂ ಇಷ್ಟು ಚೆನ್ನಾಗಿ ಸಿಗಲಿಲ್ಲ. ಫೋನಿನ ಮಾಮೂಲಿ ಪ್ಲೇಯರ್‌ನಲ್ಲಿ ತೆರೆಯದಿದ್ದರೆ ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಬೇಕು. ದನಿ ತಿದ್ದುವ ತಂತ್ರಾಂಶವಾದ ಆಡಾಸಿಟಿಯಲ್ಲಿ ತಿದ್ದಬೇಕಾದರೆ ಎಫ್‌ಎಫ್‌ಎಂಪೆಗ್ ಲೈಬ್ರರಿ ಜೋಡಿಸಿರಬೇಕು.

ಹಾಗಾಗಿ ಕಾಪಿಡುವ ಪ್ರತಿ ಎಂಕೆಎ, ಮೇಳದವರ ಕೈಗೆ ಕೊಡುವುದು ಫ್ಲ್ಯಾಕ್. ಹಳೆಯ ವೇವ್ ಅಳಿಸುವ ಮುಂಚೆ ಜೋಡಿಸಿದ ವೇವ್ ದನಿ ಮತ್ತು ಹೊಸ ಫೈಲಿನ ದನಿ, ಎರಡರ ಎಂಡಿ5 ಮೊತ್ತ (ದನಿಯ ಬೆರಳಚ್ಚಿನಂಥ ಸಂಕೇತ) ತೆಗೆದು ಹೋಲಿಸಿ. ಎಫ್‌ಎಫ್‌ಎಂಪೆಗ್ ತಾನಾಗಿ 16 ಬಿಟ್‌ಗೆ ಇಳಿಸಿ ಲೆಕ್ಕ ಹಾಕುತ್ತದೆ. 24 ಬಿಟ್ ಅಂತ ನೀವೇ ಹೇಳಬೇಕು, ಇಲ್ಲದಿದ್ದರೆ ಆ ಹೋಲಿಕೆಯನ್ನು ನಂಬುವಂತಿಲ್ಲ.