ಜೋಡುನಳಿಗೆಯಲ್ಲ, ನಳಿಗೆ ಜೋಡಿ: ಮೊದಲ ಕೋವಿಯ ಜತೆ ಏಳು ಸೀಸನ್

ಹೋದ ತಿಂಗಳು ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಕ್ಲೀವ್‌ಲ್ಯಾಂಡಿನಲ್ಲಿದ್ದಾನೆ, ಗ್ರೀನ್ ಕಾರ್ಡ್ ಬಂದಿದೆ, ಒಹಾಯೊ ರಾಜ್ಯದವರು ನಡೆಸುವ ಬೇಟೆ ಸುರಕ್ಷತೆಯ ಕೋರ್ಸನ್ನೂ ಮುಗಿಸಿಕೊಂಡಿದ್ದಾನೆ. "ಅಣ್ಣಯ್ಯ, ಜಿಂಕೆಗೂ ಆಗ್ಬೇಕು, ಮೊಲ ಅಳಿಲಿಗೂ ಆಗ್ಬೇಕು. ಒಂದೇ ಕೋವಿ ಹೇಳು, ತಲೆ ತಿನ್ಬೇಡ" ಅಂದ.

"ನೀನೀಗ ಎಷ್ಟು ಉದ್ದ ಇದೀಯ?" ಅಂತ ಕೇಳಿದೆ.

ಅವನು ನಕ್ಕ. ನಾನು ತಮಾಷೆಗೆ ಕೇಳಿದ್ದಲ್ಲ. ನನ್ನನ್ನು ಆ ಪ್ರಶ್ನೆ 2018ರಲ್ಲಿ ಯಾರಾದರೂ ಕೇಳಿದ್ದರೆ ಎರಡು ವರ್ಷದ ತೋಟಾ ಖರ್ಚು ಉಳಿಯುತ್ತಿತ್ತು. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನನ್ನದು 20 ಗೇಜಿನ ಪಂಪ್ ಶಾಟ್‌ಗನ್. ಗೇಜ್ ಅಂದರೆ ನಳಿಗೆಯ ಅಗಲದ ಅಳತೆ, ಪಂಪ್ ಅಂದರೆ ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಏರಿಸುವ ನಮೂನೆ. ಒಂದೇ ಕೋವಿ, ಪೆಟ್ಟಿಗೆಯಲ್ಲಿ ಎರಡು ನಳಿಗೆ. 26 ಇಂಚಿನದು ಒಳಗೆ ನುಣುಪು, ಚರೆ ಹೊಡೆಯಲು. 24 ಇಂಚಿನದಕ್ಕೆ ಒಳಗೆ ಸುರುಳಿ ಗೀರುಗಳಿವೆ, ಅದು ಜಿಂಕೆಗೆ. ನಮ್ಮೂರ ಜೋಡುನಳಿಗೆ ಕೋವಿಯಂತೆ ಎರಡೂ ಒಟ್ಟಿಗೆ ಇರುವುದಿಲ್ಲ, ಬೇಕಾದ್ದನ್ನು ಹಾಕಿಕೊಳ್ಳಬೇಕು. ಮುಂದಿನ ಟೋಪಿ ತಿರುಗಿಸಿ ಬಿಚ್ಚಿ, ಒಂದನ್ನು ಎಳೆದು ಇನ್ನೊಂದನ್ನು ಕೂರಿಸಿದರೆ ಆಯಿತು, ಮೂರು ನಿಮಿಷದ ಕೆಲಸ. ಕೊಂಡಾಗ 430 ಡಾಲರ್, ಕೋವಿಯ ಮೇಲೆ ಕೂರಿಸಿ ಗುರಿ ನೋಡುವ ದುರ್ಬೀನಿಗೆ ಬೇರೆ ದುಡ್ಡು. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ಓದುವವರು ಕೋವಿ ಬಿಟ್ಟು ಕಂಪನಿಯ ಮೇಲೆ ಜಗಳಕ್ಕೆ ನಿಲ್ಲುತ್ತಾರೆ. ಈ ನಮೂನೆಯನ್ನು ಮೂರ್ನಾಲ್ಕು ಕಂಪನಿಗಳು ಮಾಡುತ್ತವೆ, ಒಳಗಿನ ತತ್ವ ಒಂದೇ.

ಕೊಪ್ಪದ ಕಡೆಯ ತೋಟದ ಮನೆಯಲ್ಲಿ ಬೆಳೆದವನು ನಾನು. ಅಜ್ಜನದು ಕೇಪಿನ ಕೋವಿ, ಅಪ್ಪನ ಕಾಲಕ್ಕೆ ಒಂಟಿ ನಳಿಗೆಯ ತೋಟಾ ಕೋವಿ. ಬೆಳೆ ರಕ್ಷಣೆಯ ಲೈಸೆನ್ಸು. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ತರುವುದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದ ನನಗೆ ಶಿಕಾರಿ ಅಂದರೆ ಅಜ್ಜ ಹೇಳುತ್ತಿದ್ದ ಕಥೆ ಅಷ್ಟೆ. ನಾನು ಕೋವಿ ಮುಟ್ಟಿದ್ದು ಆಯುಧಪೂಜೆಯ ದಿನ ಕುಂಕುಮ ಹಚ್ಚಲು. ಹೀಗಾಗಿ ಅಂಗಡಿಯಲ್ಲಿ 4473 ನಂಬರಿನ ಫಾರ್ಮು ತುಂಬಿ, ಅವರು ಹಿನ್ನೆಲೆ ಪರಿಶೀಲನೆಗೆ ಕರೆ ಮಾಡುತ್ತ ನಿಂತಾಗ ನನಗೆ ಗೊತ್ತಿದ್ದದ್ದು ಶೂನ್ಯಕ್ಕೆ ಹತ್ತಿರ.

ಶಾಟ್‌ಗನ್ನೇ ಯಾಕೆ? ಒಹಾಯೊದಲ್ಲಿ ಜಿಂಕೆಗೆ ಸಿಕ್ಕ ಸಿಕ್ಕ ರೈಫಲ್ ನಡೆಯುವುದಿಲ್ಲ. ಶಾಟ್‌ಗನ್ನಾದರೆ ಒಂದೇ ಗುಂಡಿನ ತೋಟಾ ಇರಬೇಕು. ಊರಿನಲ್ಲಿ ಹಂದಿಗೆ ಎಲ್‌ಜಿ ತೋಟಾ ಹಾಕುತ್ತಿದ್ದರಲ್ಲ, ಹಾಗೆ ದಪ್ಪ ಚರೆ ಹೊಡೆದರೆ ಇಲ್ಲಿ ಕೇಸು. 2014ರಿಂದ ನೇರ ಗೋಡೆಯ ಕಾಡತೂಸಿನ ರೈಫಲ್‌ಗಳಿಗೂ ಅನುಮತಿಯಿದೆ. ಬಾಟಲಿ ಕತ್ತಿನಂತೆ ಮುಂದೆ ಸಪೂರಾಗುವ ಕಾಡತೂಸು ಕೂಡದು, ಹಾಗಾಗಿ ಅಮೆರಿಕದ ಜಿಂಕೆ ಬೇಟೆಯಲ್ಲಿ ಬಹಳ ಹಳಬನಾದ .30-30 ರೈಫಲ್ ಕೂಡ ಇಲ್ಲಿ ಹೊರಗೆ. ಅಳಿಲಿಗೆ .22 ಅನ್ನುವ ಸಣ್ಣ ಗುಂಡಿನ ರೈಫಲ್‌ನಷ್ಟು ಚೆಂದದ್ದು ಇನ್ನೊಂದಿಲ್ಲ, ಆದರೆ ಅದರಲ್ಲಿ ಜಿಂಕೆಗೆ ಹೊಡೆಯುವಂತಿಲ್ಲ, ಹೊಡೆಯಲೂಬಾರದು. ಎರಡಕ್ಕೂ ಒಂದೇ ಅಂತ ಹಟ ಹಿಡಿದರೆ ಉಳಿಯುವುದು ಶಾಟ್‌ಗನ್.

12 ಗೇಜ್ ತಗೋ ಎಂದವರೇ ಹೆಚ್ಚು. ಗೇಜಿನ ಲೆಕ್ಕ ತಿರುಗುಮುರುಗು. ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ 20 ಉಂಡೆ ಮಾಡಿದರೆ ಒಂದು ಉಂಡೆ ಹಿಡಿಸುವಷ್ಟು ಅಗಲ 20 ಗೇಜಿನದು, 12 ಮಾಡಿದರೆ 12ರದು. ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ನಾನು ಐದಡಿ ಐದಿಂಚಿನ ಆಸಾಮಿ, ಬೆಳಗ್ಗಿಂದ ಸಂಜೆವರೆಗೆ ಗುಡ್ಡ ಹತ್ತಿಳಿಯುವವನು, ಹಗುರವಿದ್ದದ್ದು ಸಾಕು ಅಂತ 20 ತಗೊಂಡೆ. ಏಳು ಸೀಸನ್‌ನಲ್ಲಿ ಒಂದು ಸಲವೂ 12 ಇರಬೇಕಿತ್ತು ಅನಿಸಿಲ್ಲ. ಆದರೆ 20 ಗೇಜ್ ಅಂದರೆ ಒದೆಯುವುದೇ ಇಲ್ಲ ಅನ್ನುವುದು ಸುಳ್ಳು. ಚರೆ ತೋಟಾ ಏನೂ ಅಲ್ಲ, ಜಿಂಕೆಯ ಗುಂಡು ಮಾತ್ರ ಹಗುರ ಕೋವಿಯಲ್ಲಿ ಚೆನ್ನಾಗಿಯೇ ಗುದ್ದುತ್ತದೆ.

ಹೊಸಬರು ಇದೊಂದನ್ನು ಬರೆದಿಟ್ಟುಕೊಳ್ಳಿ. 20 ಗೇಜಿನ ತೋಟಾ ಹಳದಿ ಬಣ್ಣದಲ್ಲಿ ಬರುವುದು ಚೆಂದಕ್ಕಲ್ಲ. ಅದು ತಪ್ಪಿ 12ರ ಕೋವಿಗೆ ಬಿದ್ದರೆ ಜಾರಿ ಮುಂದೆ ಹೋಗಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಕೋವಿ ಖಾಲಿ. ಖಾಲಿಯೆಂದು 12ರದ್ದು ತುಂಬಿ ಟ್ರಿಗರ್ ಎಳೆದರೆ ನಳಿಗೆ ಒಡೆದು ಎಡಗೈ ಹೋಗುತ್ತದೆ. ನನ್ನ ಜತೆ ಬರುವ ಸಹೋದ್ಯೋಗಿಯದು 12. ಇಬ್ಬರ ತೋಟಾ ಒಂದು ಚೀಲದಲ್ಲಿ ಯಾವತ್ತೂ ಇಡುವುದಿಲ್ಲ, ಕಾರಿನಲ್ಲೂ ಬೇರೆ ಬೇರೆ.

ಈಗ ನಳಿಗೆಗಳ ವಿಷಯ. ಕೊಳ್ಳುವಾಗ ಕನಸೆಲ್ಲ ಜಿಂಕೆಯದು. ನನ್ನ ಪುಸ್ತಕದ ಲೆಕ್ಕ ನೋಡಿದರೆ ಜಿಂಕೆ ಮೂರು, ಮೊಲ ಹತ್ತೊಂಬತ್ತು, ಅಳಿಲು ಐವತ್ತರ ಹತ್ತಿರ. ಜಿಂಕೆಯ ಮುಖ್ಯ ಕೋವಿ ಸೀಸನ್ ಥ್ಯಾಂಕ್ಸ್‌ಗಿವಿಂಗ್ ಕಳೆದ ಸೋಮವಾರದಿಂದ ಒಂದೇ ವಾರ, ನಮಗೆ ರಜೆ ಸಿಕ್ಕರೆ ಎರಡು ದಿನ. ಅಳಿಲು ಸೆಪ್ಟೆಂಬರ್ 1ರಿಂದ ಜನವರಿ ಕೊನೆಯವರೆಗೆ. ಹೀಗಾಗಿ ನುಣುಪು ನಳಿಗೆಯೇ ವರ್ಷದಲ್ಲಿ ಹತ್ತು ತಿಂಗಳು ಕೋವಿಯ ಮೇಲಿರುತ್ತದೆ, ಗೀರು ನಳಿಗೆ ಹಳೇ ಪಂಚೆಯಲ್ಲಿ ಸುತ್ತಿಕೊಂಡು ಬೀರುವಿನಲ್ಲಿ.

ಅಳಿಲಿಗೆ 6ನೇ ನಂಬರಿನ ಚರೆ, ಮೂವತ್ತು ಗಜದೊಳಗೆ. ವೇನ್ ರಾಷ್ಟ್ರೀಯ ಅರಣ್ಯದಲ್ಲಿ ಸೆಪ್ಟೆಂಬರ್ ಬೆಳಗ್ಗೆ ಹಿಕರಿ ಅನ್ನುವ ಕಾಯಿಮರದ ಕೆಳಗೆ ಕೂತರೆ ಮೊದಲು ಅಳಿಲು ಕಾಣುವುದಿಲ್ಲ, ಅದು ಕಡಿದು ಬೀಳಿಸುವ ಕಾಯಿಸಿಪ್ಪೆಯ ಸದ್ದು ಕೇಳುತ್ತದೆ. ಮೇಲಿನಿಂದ ಪಟಪಟ ಉದುರುತ್ತಿರುತ್ತದೆ, ಅಡಿಕೆ ಸುಲಿಯುವ ಚಪ್ಪರದ ಕೆಳಗೆ ಕೂತ ಹಾಗೆ. ಎಲೆಯ ನಡುವೆ ಬಾಲ ಅಲ್ಲಾಡಿದ ಮೇಲೆ ಕೋವಿ ಎತ್ತಿದರೆ ಸಾಕು. ದಿನಕ್ಕೆ ಆರರ ಮಿತಿ, ನನಗೆ ಎರಡು ಮೂರು ಸಿಕ್ಕರೆ ಹೆಚ್ಚು. ಮನೆಯಲ್ಲಿ ಅದನ್ನು ಬೇಯಿಸುವುದು ನಾನೇ. "ರೀ, ರಾಮ ಬೆನ್ನು ಸವರಿದ ಪ್ರಾಣಿ ಅದು" ಅಂತ ನನ್ನವಳು ಪಾತ್ರೆಯನ್ನೇ ಬೇರೆ ಇಟ್ಟಿದ್ದಾಳೆ. ಇಲ್ಲಿಯ ಅಳಿಲಿಗೆ ಬೆನ್ನಲ್ಲಿ ಮೂರು ಗೆರೆ ಇಲ್ಲ ಅಂತ ವಾದ ಮಾಡಿ ನೋಡಿದೆ. ನಡೆಯಲಿಲ್ಲ. ತಿನ್ನುವಾಗ ನಿಧಾನ ಅಗಿಯಬೇಕು, ಒಂದಾದರೂ ಚರೆ ಹಲ್ಲಿಗೆ ಸಿಗುತ್ತದೆ.

ಗೀರು ನಳಿಗೆಗೆ ಸೇಬೋ ಅನ್ನುವ ತೋಟಾ ಬೇಕು, ಪ್ಲಾಸ್ಟಿಕ್ ಕವಚದೊಳಗೆ ಕೂತ ಗುಂಡು. ಗೀರು ಕವಚವನ್ನು ತಿರುಗಿಸುತ್ತದೆ, ಹೊರಬಿದ್ದ ಮೇಲೆ ಕವಚ ಕಳಚಿ ಗುಂಡು ಗಿರಗಿರ ತಿರುಗುತ್ತ ನೇರ ಹೋಗುತ್ತದೆ. ಇದನ್ನೇ ನುಣುಪು ನಳಿಗೆಯಲ್ಲಿ ಹೊಡೆದರೆ ದುಡ್ಡು ದಂಡ. ಗೀರು ನಳಿಗೆಯಲ್ಲಿ ಚರೆ ಹೊಡೆದರೂ ಅಷ್ಟೆ. ಕಾಗದದ ಮೇಲೆ ಒಮ್ಮೆ ಪರೀಕ್ಷೆ ಮಾಡಿದ್ದೆ, ಚರೆಯೆಲ್ಲ ಉದ್ದಿನ ವಡೆಯಂತೆ ಸುತ್ತ ಬಿದ್ದು ಮಧ್ಯೆ ತೂತು. ಆ ತೂತಿನಲ್ಲಿ ಮೊಲ ಆರಾಮಾಗಿ ಕೂರಬಹುದು. ಸೇಬೋ ಐದಕ್ಕೆ ಹದಿನೈದರಿಂದ ಇಪ್ಪತ್ತು ಡಾಲರ್. ಅಂಗಡಿಯವನು ಇದನ್ನು ಕೋವಿ ಮಾರುವಾಗ ಹೇಳುವುದಿಲ್ಲ. ಗುರಿ ಕೂರಿಸಲು ಮೂರು ಪೆಟ್ಟಿಗೆ ಸುಟ್ಟೆ.

ಈ ಜೋಡಿಯಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ದುರ್ಬೀನು ಕೂರುವ ಜಾಗ. ಅದರ ಪಟ್ಟಿ ಕೋವಿಯ ಮೈಮೇಲಿಲ್ಲ, ಗೀರು ನಳಿಗೆಗೇ ಬೆಸೆದು ಹಿಂದಕ್ಕೆ ಚಾಚಿದೆ. ನಳಿಗೆ ಬಿಚ್ಚಿದರೆ ದುರ್ಬೀನೂ ಜತೆಗೇ ಬರುತ್ತದೆ, ಮುಂದಿನ ವರ್ಷ ಹಾಕಿದಾಗ ಗುರಿ ಹೆಚ್ಚು ಕಡಿಮೆ ಅಲ್ಲೇ ಇರುತ್ತದೆ. ಹಾಗಂತ ಎರಡು ಈಡು ಹೊಡೆದು ನೋಡದೆ ಕಾಡಿಗೆ ಹೋಗಬೇಡಿ. 2021ರಲ್ಲಿ ಮುಂದಿನ ಟೋಪಿ ಪೂರ್ತಿ ಬಿಗಿಯಾಗಿಲ್ಲದ್ದು ನೋಡದೆ ಹೊಡೆದೆ, 75 ಗಜಕ್ಕೆ ಒಂದು ಗೇಣು ಪಕ್ಕಕ್ಕೆ ಹೋಯಿತು. ದುರ್ಬೀನನ್ನು ಬೈದುಕೊಂಡು ಅರ್ಧ ದಿನ ತಿರುಪು ತಿರುಗಿಸಿದ್ದೇ ಬಂತು.

ಮೊದಲ ಜಿಂಕೆ ಸಿಕ್ಕಿದ್ದು ಎರಡನೇ ಸೀಸನ್ನಿಗೆ, ಹಾಕಿಂಗ್ ಕೌಂಟಿಯ ಒಂದು ಖಾಸಗಿ ಜಮೀನಿನಲ್ಲಿ. ಮಾಲೀಕರ ಲಿಖಿತ ಅನುಮತಿ ಜೇಬಿನಲ್ಲಿ, ಮೈಮೇಲೆ ಕಡ್ಡಾಯದ ಕಿತ್ತಳೆ ಜಾಕೆಟ್ಟು, ಕೋವಿಯಲ್ಲಿ ಕಾನೂನಿನ ಪ್ರಕಾರ ಮೂರೇ ತೋಟಾ. ಹೆಚ್ಚು ಹಿಡಿಸದಂತೆ ಒಳಗೊಂದು ಮರದ ಕಡ್ಡಿ ಹಾಕಿರುತ್ತಾರೆ. ಓಕ್ ಮರಕ್ಕೆ ಬೆನ್ನು ಕೊಟ್ಟು ಮರಸು ಕೂತಿದ್ದೆ. ಎಂಟು ಗಂಟೆಗೆ ಒಂದು ಹೆಣ್ಣು ಜಿಂಕೆ ಅರವತ್ತು ಹೆಜ್ಜೆಯಲ್ಲಿ ಬಂದು ಅಡ್ಡ ನಿಂತಿತು. ಕೋವಿ ಎತ್ತುವಾಗ ಪಂಪಿನ ಹಿಡಿ ಲಟಲಟ ಅಂದಿತು. ಈ ಕೋವಿಯ ಮೇಲೆ ನನಗಿರುವ ದೊಡ್ಡ ದೂರೇ ಅದು, ಅಂಗಡಿಯಲ್ಲಿ ಕೇಳಿಸದ ಸದ್ದು ಹಿಮ ಬಿದ್ದ ಕಾಡಿನಲ್ಲಿ ಡೋಲಿನಂತೆ ಕೇಳಿಸುತ್ತದೆ. ಜಿಂಕೆ ಕಿವಿ ನನ್ನ ಕಡೆ ತಿರುಗಿಸಿತು, ಕಾಲು ಎತ್ತಲಿಲ್ಲ. ಈಡು ತಗುಲಿ ನಲವತ್ತು ಗಜ ಓಡಿ ಬಿತ್ತು. ಹತ್ತಿರ ಹೋಗಿ ನೋಡಿದಾಗ ಅದರ ರೆಪ್ಪೆಯ ಕೂದಲಿನ ಮೇಲೆ ಹಿಮದ ಪುಡಿ ಇನ್ನೂ ಕರಗಿರಲಿಲ್ಲ. ನಾನು ಸ್ವಲ್ಪ ಹೊತ್ತು ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಆಮೇಲೆ ಚಾಕು ತೆಗೆದೆ. ಪಂಪಿನ ಹಿಡಿಗೆ ಈಗ ಒಳಗಿನಿಂದ ಒಂದು ಸುತ್ತು ಬಟ್ಟೆ ಟೇಪು ಸುತ್ತಿದ್ದೇನೆ, ಸದ್ದು ಮುಕ್ಕಾಲು ಕಡಿಮೆಯಾಗಿದೆ.

ಇನ್ನು ಉದ್ದದ ವಿಷಯ. ಭುಜಕ್ಕೆ ಆನಿಸುವ ಹಿಂಭಾಗಕ್ಕೆ ಸ್ಟಾಕ್ ಅನ್ನುತ್ತಾರೆ. ಕಂಪನಿಯಿಂದ ಬರುವುದು ಸುಮಾರು 14 ಇಂಚು, ಆರಡಿ ಆಳಿಗೆ ಹೊಲಿದ ಅಂಗಿಯಂತೆ. ಮೊದಲ ಎರಡು ವರ್ಷ ಓಡುವ ಮೊಲಕ್ಕೆ ಹೊಡೆದದ್ದೆಲ್ಲ ಮೇಲೆ ಹೋಗುತ್ತಿತ್ತು. ಸ್ಟಾಕಿನ ತುದಿ ಚಳಿಯ ಜಾಕೆಟ್ಟಿನ ಕಂಕುಳಿಗೆ ಸಿಕ್ಕಿಕೊಳ್ಳುವುದು, ಅದನ್ನು ಬಿಡಿಸಿ ಆನಿಸುವಷ್ಟರಲ್ಲಿ ಕೆನ್ನೆ ಕೂರದೆ ತಲೆ ಮೇಲೆದ್ದಿರುವುದು, ಮೊಲ ಪೊದೆ ಸೇರಿರುವುದು. ನನಗೆ ಗುರಿ ಬರುವುದಿಲ್ಲ ಅಂತಲೇ ನಂಬಿದ್ದೆ. ಶೂಟಿಂಗ್ ರೇಂಜಿನಲ್ಲಿ ಒಬ್ಬ ಮುದುಕರು ನೋಡಿ, ತಮ್ಮ ಮೊಮ್ಮಗಳ ಕೋವಿ ಕೈಗೆ ಕೊಟ್ಟರು. ಗಿಡ್ಡ ಸ್ಟಾಕಿನದು. ಗುರಿ ಅಭ್ಯಾಸಕ್ಕೆ ಗಾಳಿಗೆ ಎಸೆಯುವ ಮಣ್ಣಿನ ತಟ್ಟೆಗಳಲ್ಲಿ ಮೊದಲ ಐದಕ್ಕೆ ನಾಲ್ಕು ಪುಡಿ. ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು.

ಒಂದು ಇಂಚು ಗಿಡ್ಡದ ಸ್ಟಾಕ್ ತರಿಸಿ ಹಾಕಿದೆ. ಮೊಲದ ಲೆಕ್ಕ ಆ ಚಳಿಗಾಲದಿಂದಲೇ ಏರಿದ್ದು. ಆದರೆ ಒಂದು ಯಡವಟ್ಟು ಮಾಡಿಕೊಂಡೆ. ಸ್ಟಾಕ್ ಗಿಡ್ಡವಾದರೆ ಕಣ್ಣು ದುರ್ಬೀನಿಗೆ ಅಷ್ಟೇ ಹತ್ತಿರವಾಗುತ್ತದೆ ಅನ್ನುವುದು ಹೊಳೆಯಲಿಲ್ಲ. ನವೆಂಬರಿನಲ್ಲಿ ಗೀರು ನಳಿಗೆ ಹಾಕಿ ಮೊದಲ ಸೇಬೋ ಹೊಡೆದದ್ದೇ, ದುರ್ಬೀನಿನ ಅಂಚು ಬಂದು ಹುಬ್ಬಿಗೆ ಬಡಿಯಿತು. ಚೌತಿಯ ಚಂದ್ರನಂಥ ಗಾಯ. ಸೋಮವಾರ ಆಫೀಸಿನಲ್ಲಿ ಯಾರೂ ಏನೂ ಕೇಳಲಿಲ್ಲ, ಹಳೇ ಬೇಟೆಗಾರರು ಇಬ್ಬರು ಮಾತ್ರ ತಮ್ಮ ಹುಬ್ಬು ಮುಟ್ಟಿಕೊಂಡು ನಕ್ಕರು. ದುರ್ಬೀನನ್ನು ಮುಂದಕ್ಕೆ ಸರಿಸಿದ ಮೇಲೆ ಸರಿಹೋಯಿತು.

ತುಕ್ಕು ಸ್ವಲ್ಪ ಹಿಡಿದಿದೆ, ಅದು ನನ್ನ ತಪ್ಪು. ಚಳಿಯಿಂದ ತಂದ ಕೋವಿಯನ್ನು ಬೆಚ್ಚಗಿನ ಮನೆಯಲ್ಲಿಟ್ಟರೆ ತಣ್ಣೀರಿನ ಚೆಂಬಿನಂತೆ ಬೆವರುತ್ತದೆ, ಒರೆಸಿ ಎಣ್ಣೆ ಸವರದೆ ಮಲಗಬಾರದು. ಸೇಬೋ ಹೊಡೆದ ಮೇಲೆ ಗೀರುಗಳಲ್ಲಿ ಪ್ಲಾಸ್ಟಿಕ್ ಮೆತ್ತಿಕೊಳ್ಳುತ್ತದೆ, ಬ್ರಷ್ಷು ಹಾಕಿ ಉಜ್ಜಬೇಕು. ಪಂಪನ್ನು ಪೂರ್ತಿ ಹಿಂದಕ್ಕೆ ಎಳೆಯದೆ ಅರ್ಧಕ್ಕೇ ಮುಂದೆ ತಳ್ಳಿದರೆ ಎರಡನೇ ತೋಟಾ ಏರುವುದಿಲ್ಲ, ಗಡಿಬಿಡಿಯಲ್ಲಿ ಎಲ್ಲರೂ ಒಮ್ಮೆ ಮಾಡುತ್ತಾರೆ.

ಈಗ ಹೊಸದಾಗಿ ಕೊಳ್ಳುವುದಾದರೆ ಇದನ್ನೇ ತಗೊಳ್ಳುತ್ತೇನಾ? ಕೈ ಬಿಗಿಯಿದ್ದರೆ ನುಣುಪು ನಳಿಗೆಯದೊಂದೇ ಸಾಕು. ಅದಕ್ಕೆಂದೇ ನಳಿಗೆಯ ಬದಲು ಗುಂಡಿನ ಮೈಮೇಲೇ ಗೀರುಗಳಿರುವ ಅಗ್ಗದ ತೋಟಾ ಬರುತ್ತದೆ, ಚೋಕ್ (ನಳಿಗೆಯ ಬಾಯಿಯನ್ನು ಬಿಗಿ ಮಾಡುವ ತುಂಡು) ಅಗಲ ಬಾಯಿಯದು ಹಾಕಿ ಅರವತ್ತು ಗಜದೊಳಗೆ ಹೊಡೆದರೆ ಜಿಂಕೆ ಸಿಗುತ್ತದೆ. ನನ್ನ ಮೂರೂ ಅಷ್ಟರೊಳಗೇ ಸಿಕ್ಕಿದ್ದು, ಅಂದರೆ ಗೀರು ನಳಿಗೆಯ ದುಡ್ಡು ಧೈರ್ಯಕ್ಕೆ ಕೊಟ್ಟದ್ದು. ಕೈ ಬಿಡುಬೀಸಾಗಿದ್ದರೆ, 2019ರಲ್ಲಿ ಬಂದ .350 ಲೆಜೆಂಡ್ ರೈಫಲ್ ಜಿಂಕೆಗೆ, ಒಂದು .22 ಅಳಿಲಿಗೆ. ಒದೆತ ಕಡಿಮೆ, ತೋಟಾ ಅಗ್ಗ. ಆದರೆ ಅದು ಎರಡು ಕೋವಿಯಾಯಿತು, ಓಡುವ ಮೊಲಕ್ಕೆ ಎರಡೂ ಒದಗುವುದಿಲ್ಲ.

ತಮ್ಮ ಆರಡಿ ಒಂದಿಂಚಂತೆ. ನನ್ನ ಕೋವಿ ಒಂದು ಸೀಸನ್ ಹೊಡೆದು ನೋಡು, ಆಮೇಲೆ ಕೊಳ್ಳುವೆಯಂತೆ ಅಂದಿದ್ದೇನೆ. ಸೆಪ್ಟೆಂಬರಿನ ಮೊದಲ ವಾರ ಬರುತ್ತಾನೆ. ಬಿಚ್ಚಿಟ್ಟ ಉದ್ದ ಸ್ಟಾಕ್ ಬೇಸ್‌ಮೆಂಟಿನ ಅಟ್ಟದ ಮೇಲೆ ಸಿಕ್ಕಿದೆ, ಒಂದೇ ಬೋಲ್ಟಿನ ಕೆಲಸ. ಅದಕ್ಕೆ ಬೇಕಾದ ಉದ್ದ ಸ್ಕ್ರೂಡ್ರೈವರ್ ಪಕ್ಕದ ಮನೆಯವರು ಒಯ್ದಿದ್ದಾರೆ, ಕೇಳಿ ತರಬೇಕು.